ಅಸೈನ್‌ಮೆಂಟ್ ಪ್ರಶ್ನೆಗೆ ಉತ್ತರ ಕಟ್ಟುವುದು: ಕಿತ್ತೂರು, ಐಹೊಳೆ, ನವನಗರ ಮತ್ತು ಕಬ್ಬಿನ ಬಿಲ್

ಬಿ.ಎ. ಅಸೈನ್‌ಮೆಂಟ್‌ಗಳಲ್ಲಿ ಅಂಕ ಹೋಗುವುದು ಗೊತ್ತಿಲ್ಲದ್ದಕ್ಕೆ ಕಡಿಮೆ, ಕೇಳದ್ದನ್ನು ಬರೆದಿದ್ದಕ್ಕೆ ಹೆಚ್ಚು. ‘1824ರ ಕಿತ್ತೂರು ಸಂಘರ್ಷದ ಕಾರಣಗಳನ್ನು ವಿಶ್ಲೇಷಿಸಿ’ ಎಂದು ಕೇಳಿದರೆ ಚೆನ್ನಮ್ಮನ ಬಾಲ್ಯ, ಮದುವೆ, ಯುದ್ಧ, ಸೆರೆವಾಸ, ಮರಣ ಎಲ್ಲ ಆರು ಪುಟ ತುಂಬಿರುತ್ತವೆ. ಕಾರಣಗಳು ಮಾತ್ರ ಮೂರನೇ ಪುಟದ ನಡುವೆ ನಾಲ್ಕು ಸಾಲಿನಲ್ಲಿ ಮುಗಿದಿರುತ್ತವೆ. ಬರೆದವರು ಓದಿಲ್ಲ ಎಂದಲ್ಲ. ಓದಿದ್ದನ್ನೆಲ್ಲ ಇಳಿಸಿದ್ದಾರೆ, ಪ್ರಶ್ನೆಗೆ ಜೋಡಿಸಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಕನ್ನಡ ಓದುವವರಿಗೆ ಆ ಜೋಡಣೆ ಹೇಗೆ ಮಾಡಬೇಕು ಎಂಬುದನ್ನು ಇಲ್ಲಿ ನಮ್ಮ ಭಾಗದ್ದೇ ಉದಾಹರಣೆಗಳ ಮೇಲೆ ಬಿಡಿಸಿ ತೋರಿಸಿದೆ.

ಪ್ರಶ್ನೆಯನ್ನು ಮೊದಲು ಹಾಳೆಯ ಮೇಲೆ ಬರೆದುಕೊಂಡು ಮೂರು ಕಡೆ ಗೆರೆ ಎಳೆಯಿರಿ: ಏನು ಮಾಡಲು ಹೇಳಿದೆ, ಯಾವುದರ ಬಗ್ಗೆ ಹೇಳಿದೆ, ಎಲ್ಲಿಂದ ಎಲ್ಲಿಯವರೆಗೆ ಎಂದು ಎಲ್ಲೆ ಹಾಕಿದೆ. ‘ವಿವರಿಸಿ’ ಎಂದರೆ ಏನು, ಹೇಗೆ ಎಂಬುದು ಸಾಕು. ‘ವಿಶ್ಲೇಷಿಸಿ’ ಎಂದಾಗ ಬಿಡಿಭಾಗಗಳನ್ನು ಬೇರೆ ಮಾಡಿ, ಅವುಗಳ ನಡುವಿನ ಸಂಬಂಧ ಹೇಳಬೇಕು. ‘ಚರ್ಚಿಸಿ’ ಎಂದಾಗ ಒಂದಕ್ಕಿಂತ ಹೆಚ್ಚು ಅಭಿಪ್ರಾಯ ಬರಲೇಬೇಕು. ‘ವಿಮರ್ಶಾತ್ಮಕವಾಗಿ ಪರಿಶೀಲಿಸಿ’ ಎಂದಿದ್ದರೆ ಕೊನೆಗೆ ಯಾವ ಅಭಿಪ್ರಾಯಕ್ಕೆ ಆಧಾರ ಗಟ್ಟಿಯಾಗಿದೆ, ಯಾಕೆ ಎಂದು ನಿಮ್ಮ ತೀರ್ಮಾನ ಕೊಡಬೇಕು. ‘ಹೋಲಿಸಿ’ ಎಂಬ ಪ್ರಶ್ನೆಗೆ ಮೊದಲ ಎರಡು ಪುಟ ಒಂದರ ಬಗ್ಗೆ, ಮುಂದಿನ ಎರಡು ಪುಟ ಇನ್ನೊಂದರ ಬಗ್ಗೆ ಬರೆದರೆ ಹೋಲಿಕೆಯನ್ನು ಓದುವವರೇ ಮಾಡಿಕೊಳ್ಳಬೇಕಾಗುತ್ತದೆ. ಆದ್ದರಿಂದ ಅಂಶಕ್ಕೊಂದು ಪ್ಯಾರಾ ಇಟ್ಟು, ಪ್ರತಿ ಪ್ಯಾರಾದಲ್ಲೂ ಎರಡನ್ನೂ ತನ್ನಿ. ಎಲ್ಲೆಯನ್ನು ಮರೆಯುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಪ್ರಶ್ನೆಯಲ್ಲಿ ‘1824’ ಎಂದಿದ್ದರೆ 1857ರ ಹಲಗಲಿ ಬೇಡರ ಬಂಡಾಯ ಎಷ್ಟೇ ಚೆನ್ನಾಗಿ ಗೊತ್ತಿದ್ದರೂ ಅದಕ್ಕೆ ಅಲ್ಲಿ ಜಾಗವಿಲ್ಲ.

ಕಾರಣ ಕೇಳಿದಾಗ: ಕಿತ್ತೂರು

ಈ ಪ್ರಶ್ನೆಯನ್ನು ಪೂರ್ತಿಯಾಗಿ ಬಿಡಿಸೋಣ. ಇತಿಹಾಸದ ಅರ್ಧಕ್ಕರ್ಧ ಪ್ರಶ್ನೆಗಳು ಕಾರಣ ಕೇಳುವಂಥವೇ.

ಮೊದಲ ಕೆಲಸ ಇಸವಿಗಳ ಪಟ್ಟಿ. 1818ರಲ್ಲಿ ಪೇಶ್ವೆ ಆಳ್ವಿಕೆ ಕೊನೆಗೊಂಡು ಕಿತ್ತೂರು ಸಂಸ್ಥಾನ ಈಸ್ಟ್ ಇಂಡಿಯಾ ಕಂಪನಿಯ ಅಧೀನಕ್ಕೆ ಬಂತು. 1824ರ ಸೆಪ್ಟೆಂಬರ್‌ನಲ್ಲಿ ದೇಸಾಯಿ ಶಿವಲಿಂಗ ರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ತೆಗೆದುಕೊಂಡ ಶಿವಲಿಂಗಪ್ಪನನ್ನು ಉತ್ತರಾಧಿಕಾರಿಯೆಂದು ಒಪ್ಪಲು ಧಾರವಾಡದ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್ ಆಗಿದ್ದ ಥ್ಯಾಕರೆ ನಿರಾಕರಿಸಿದ. ಸಂಸ್ಥಾನದ ಖಜಾನೆಗೆ ಕಾವಲು ಹಾಕಿಸಿದ. ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿದ್ದು 1829ರ ಫೆಬ್ರವರಿ 2ರಂದು ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು.

ಇಷ್ಟನ್ನು ಸಾಲಾಗಿ ಬರೆದುಕೊಂಡರೆ ಎರಡು ದೊಡ್ಡ ತಪ್ಪು ತಾವಾಗಿಯೇ ಸಿಕ್ಕಿಬೀಳುತ್ತವೆ. ಒಂದು, ‘ಡಾಲ್‌ಹೌಸಿಯ ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯೇ ಕಿತ್ತೂರು ಯುದ್ಧಕ್ಕೆ ಕಾರಣ’ ಎಂಬ ವಾಕ್ಯ. ನೋಟ್ಸಿನಿಂದ ನೋಟ್ಸಿಗೆ ಝೆರಾಕ್ಸ್ ಆಗುತ್ತಾ ಬಂದಿರುವ ಮಾತಿದು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದು 1848ರಿಂದ 1856ರವರೆಗೆ. 1824ರಲ್ಲಿ ಆ ಹುದ್ದೆಯಲ್ಲಿದ್ದವನು ಅಮ್ಹರ್ಸ್ಟ್. ಮುಂಬಯಿ ಪ್ರಾಂತದ ಗವರ್ನರ್ ಎಲ್ಫಿನ್‌ಸ್ಟನ್. ಹಾಗಾದರೆ ಹೇಗೆ ಬರೆಯಬೇಕು? ‘ದತ್ತು ಸ್ವೀಕಾರಕ್ಕೆ ತನ್ನ ಒಪ್ಪಿಗೆ ಬೇಕು ಎಂಬ ಕಂಪನಿಯ ವಾದ ಡಾಲ್‌ಹೌಸಿಗಿಂತ ಎರಡು ದಶಕ ಮೊದಲೇ ಕಿತ್ತೂರಿನಲ್ಲಿ ಪ್ರಯೋಗವಾಗಿತ್ತು’ ಎಂದು ಬರೆಯಿರಿ. ಇದು ಸರಿಯೂ ಹೌದು, ಕಿತ್ತೂರಿನ ಮಹತ್ವವನ್ನು ಹೆಚ್ಚು ಚೆನ್ನಾಗಿ ಹೇಳುವ ಮಾತೂ ಹೌದು. ಎರಡನೇ ತಪ್ಪು, ರಾಯಣ್ಣನ ಹೋರಾಟವನ್ನು ಕಾರಣಗಳ ಪಟ್ಟಿಯಲ್ಲಿ ಸೇರಿಸುವುದು. ಶೇತಸನದಿಯಾಗಿದ್ದ (ಇನಾಂ ಭೂಮಿ ಪಡೆದು ಊರ ಕಾವಲಿನ ಸೇವೆ ಮಾಡುತ್ತಿದ್ದ) ಅವನ ಬಂಡಾಯಕ್ಕೆ ಇನಾಂ ಭೂಮಿಗೆ ಬಂದ ಕುತ್ತು ಒಂದು ದೊಡ್ಡ ಹಿನ್ನೆಲೆ. ಆದರೆ ಅದು 1824ರ ಸೋಲಿನ ನಂತರದ ಕಥೆ. ಪ್ರಶ್ನೆ ‘ಪರಿಣಾಮಗಳು’ ಎಂದಿದ್ದರೆ ಅದಕ್ಕೆ ದೊಡ್ಡ ಜಾಗ ಕೊಡಿ.

ಇನ್ನು ಕಾರಣಗಳನ್ನು ಒಂದು, ಎರಡು, ಮೂರು ಎಂದು ಸಮಾನವಾಗಿ ಪೇರಿಸಬೇಡಿ. 1818ರಲ್ಲಿ ಅಧಿಕಾರ ಕೈ ಬದಲಾದದ್ದು ದೂರದ ಹಿನ್ನೆಲೆ. ಮಕ್ಕಳಿಲ್ಲದ ದೇಸಾಯಿಯ ಸಾವು ಮತ್ತು ದತ್ತಿನ ವಿವಾದ ಹತ್ತಿರದ ಕಾರಣ. ಖಜಾನೆಗೆ ಹಾಕಿದ ಕಾವಲು, ಕೋಟೆಯ ಮುಂದೆ ಬಂದು ನಿಂತ ಸೈನ್ಯ ತಕ್ಷಣದ ಕಾರಣ. ಪ್ರತಿಯೊಂದಕ್ಕೂ ಒಂದು ಪರೀಕ್ಷೆ ಹಾಕಿ: ಇದೊಂದು ಇಲ್ಲದಿದ್ದರೆ 1824ರ ಅಕ್ಟೋಬರ್‌ನಲ್ಲೇ ಕಾಳಗ ಆಗುತ್ತಿತ್ತೇ? ಖಜಾನೆಯ ಕಾವಲು ಇಲ್ಲದಿದ್ದರೆ ಬಹುಶಃ ಮಾತುಕತೆ ಇನ್ನಷ್ಟು ದಿನ ನಡೆಯುತ್ತಿತ್ತು. ಆದರೆ 1818ರ ಬದಲಾವಣೆ ಆಗಿರದಿದ್ದರೆ ದತ್ತಿನ ಬಗ್ಗೆ ಕಂಪನಿ ತಕರಾರು ತೆಗೆಯುವ ಪ್ರಶ್ನೆಯೇ ಇರಲಿಲ್ಲ. ಈ ಎರಡು ವಾಕ್ಯಗಳೇ ವಿಶ್ಲೇಷಣೆ. ಉಳಿದದ್ದು ಮಾಹಿತಿ.

ಒಂದು ಪ್ಯಾರಾ ಹೀಗಿರಬಹುದು: ‘ದತ್ತಿನ ವಿವಾದ ಕೇವಲ ಕುಟುಂಬದ ವಿಷಯವಾಗಿರಲಿಲ್ಲ. ದೇಸಾಯಿ ಸಾಯುವ ಮೊದಲೇ ದತ್ತು ಸ್ವೀಕಾರ ಆಗಿದೆ ಎಂಬುದು ಕಿತ್ತೂರಿನ ವಾದವಾಗಿತ್ತು. ಥ್ಯಾಕರೆ ಅದನ್ನು ನಂಬಲಿಲ್ಲ. ಉತ್ತರಾಧಿಕಾರಿ ಇಲ್ಲ ಎಂದಾದರೆ ಸಂಸ್ಥಾನ ಕಂಪನಿಗೆ ಸೇರುತ್ತಿತ್ತು. ಹೀಗಾಗಿ ದತ್ತಿನ ಸತ್ಯಾಸತ್ಯತೆಯ ಪ್ರಶ್ನೆಯೇ ಸಂಸ್ಥಾನದ ಅಳಿವು ಉಳಿವಿನ ಪ್ರಶ್ನೆಯಾಯಿತು.’ ಮೊದಲ ವಾಕ್ಯ ಹೇಳಿಕೆ, ನಡುವೆ ಆಧಾರ, ‘ಹೀಗಾಗಿ’ಯಿಂದ ಮುಂದೆ ಪ್ರಶ್ನೆಗೆ ಜೋಡಣೆ. ಪ್ರತಿ ಪ್ಯಾರಾ ಬರೆದಾದ ಮೇಲೆ ಅದರಲ್ಲಿ ‘ಹೀಗಾಗಿ’, ‘ಆದ್ದರಿಂದ’, ‘ಇದರ ಅರ್ಥ’ ಎಂಬಂಥ ಕೊಂಡಿ ಎಲ್ಲಾದರೂ ಇದೆಯೇ ನೋಡಿ. ಇಲ್ಲದಿದ್ದರೆ ಆ ಪ್ಯಾರಾ ಇನ್ನೂ ಕಥೆಯ ಹಂತದಲ್ಲೇ ಇದೆ.

ಆಧಾರವನ್ನು ತೂಗುವುದು: ಐಹೊಳೆಯ ಶಾಸನ

‘ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದನು’ ಎಂದು ಎಲ್ಲರೂ ಬರೆಯುತ್ತಾರೆ. ಇದು ನಮಗೆ ಹೇಗೆ ಗೊತ್ತು ಎಂದು ಬರೆಯುವವರು ಕಡಿಮೆ. ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯ ಮೇಲಿರುವ ಸಂಸ್ಕೃತ ಶಾಸನ ಮುಖ್ಯ ಆಧಾರ. ಅದನ್ನು ರಚಿಸಿದವನು ರವಿಕೀರ್ತಿ. ಕಾಲ ಶಕವರ್ಷ 556. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. 634. ಶಕವರ್ಷ ಚೈತ್ರದಲ್ಲಿ ಶುರುವಾಗಿ ಮುಂದಿನ ಇಸವಿಯ ಆರಂಭದವರೆಗೂ ಚಾಚುವುದರಿಂದ ತಿಂಗಳು ಗೊತ್ತಿಲ್ಲದಾಗ 634-35 ಎಂದು ಬರೆಯುವುದು ರೂಢಿ. ಬಾದಾಮಿಯ ಒಂದನೇ ಪುಲಕೇಶಿಯ ಶಾಸನದ ಶಕ 465, ಮೂರನೇ ಗುಹೆಯ ಮಂಗಳೇಶನ ಶಾಸನದ ಶಕ 500 ಇವನ್ನೂ ಹೀಗೆಯೇ ಲೆಕ್ಕ ಹಾಕಿ: 543, 578.

ರವಿಕೀರ್ತಿ ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ಭಯದಿಂದ ಹರ್ಷನ ಹರ್ಷವೇ ಉಡುಗಿಹೋಯಿತು ಎಂದು ಶ್ಲೇಷೆ ಮಾಡಿ ಹೊಗಳುತ್ತಾನೆ. ಹೊಗಳಿಕೆಯ ಶಾಸನ ಎಂದು ಇದನ್ನು ತಳ್ಳಿಹಾಕಬೇಕೇ? ಬೇಡ. ಹರ್ಷನ ಮೆಚ್ಚುಗೆಗೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್ ಕೂಡ, ಹರ್ಷ ಈ ದಕ್ಷಿಣದ ರಾಜನನ್ನು ಅಧೀನ ಮಾಡಿಕೊಳ್ಳಲಾಗಲಿಲ್ಲ ಎಂದು ದಾಖಲಿಸಿದ್ದಾನೆ. ಒಂದು ಆಧಾರ ಗೆದ್ದವನ ಕಡೆಯದು, ಇನ್ನೊಂದು ಎದುರಾಳಿಯ ಬಗ್ಗೆ ಗೌರವವಿದ್ದವನದು. ಎರಡೂ ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ. ಹರ್ಷನ ದಕ್ಷಿಣ ದಂಡಯಾತ್ರೆ ವಿಫಲವಾಯಿತು ಎಂಬುದು ಇದರಿಂದ ಗಟ್ಟಿಯಾಗುತ್ತದೆ. ರಣರಂಗದ ವರ್ಣನೆಗೆ ಮಾತ್ರ ಕವಿಯೊಬ್ಬನೇ ಸಾಕ್ಷಿ. ಉತ್ತರದಲ್ಲಿ ಈ ಎರಡು ಮಟ್ಟದ ಖಚಿತತೆಯನ್ನು ಬೇರೆ ಬೇರೆ ಇಟ್ಟರೆ ಮೌಲ್ಯಮಾಪನ ಮಾಡುವವರ ಪೆನ್ನು ಅಲ್ಲಿ ಖಂಡಿತ ನಿಲ್ಲುತ್ತದೆ.

ಇದೇ ಕಣ್ಣನ್ನು ಕಿತ್ತೂರಿನ ಮೇಲೂ ಇಡಬಹುದು. ಕಂಪನಿ ಅಧಿಕಾರಿಗಳ ಪತ್ರಗಳಲ್ಲಿ ದಿನಾಂಕ ಖಚಿತ, ಉದ್ದೇಶದ ಬಗ್ಗೆ ಪಕ್ಷಪಾತ. ಲಾವಣಿಗಳಲ್ಲಿ ದಿನಾಂಕ ಸಿಗುವುದಿಲ್ಲ. ಆದರೆ ಜನ ಆ ಘಟನೆಯನ್ನು ಹೇಗೆ ನೆನಪಿಟ್ಟರು ಎಂಬುದಕ್ಕೆ ಅವಕ್ಕಿಂತ ಒಳ್ಳೆಯ ಆಧಾರವಿಲ್ಲ.

ಪರಿಕಲ್ಪನೆಯನ್ನು ಊರಿಗೆ ಅನ್ವಯಿಸುವುದು: ನವನಗರ

ಸಮಾಜಶಾಸ್ತ್ರದಲ್ಲಿ ತೊಂದರೆ ಬೇರೆ. ವ್ಯಾಖ್ಯಾನ ಬಾಯಿಪಾಠ ಇರುತ್ತದೆ, ಅನ್ವಯ ಬರುವುದಿಲ್ಲ. ಎಂ.ಎನ್. ಶ್ರೀನಿವಾಸರ ಎರಡು ಪರಿಕಲ್ಪನೆಗಳಲ್ಲಿ ಆಗುವ ಗೊಂದಲ ನೋಡಿ. ‘ಪ್ರಬಲ ಜಾತಿ’ ಎಂದರೆ ಶ್ರೇಣಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಜಾತಿ ಎಂದು ಬರೆಯುವವರಿದ್ದಾರೆ. ಶ್ರೀನಿವಾಸರು ನೋಡಿದ್ದು ಆ ಊರಿನಲ್ಲಿ ಜನಸಂಖ್ಯೆ, ಭೂಮಿ, ರಾಜಕೀಯ ಬಲ ಯಾರ ಕೈಯಲ್ಲಿವೆ ಎಂಬುದನ್ನು. ಶ್ರೇಣಿಯಲ್ಲಿ ತೀರ ಕೆಳಗಿರಬಾರದು ಎಂಬುದು ಒಂದು ಷರತ್ತು ಮಾತ್ರ. ಹಾಗಾಗಿ ಪಕ್ಕಪಕ್ಕದ ಎರಡು ಹಳ್ಳಿಗಳಲ್ಲಿ ಪ್ರಬಲ ಜಾತಿ ಬೇರೆ ಬೇರೆಯಾಗಿರಬಹುದು. ಇನ್ನು ‘ಸಂಸ್ಕೃತೀಕರಣ’ದಿಂದ, ಅಂದರೆ ಮೇಲಿನ ಜಾತಿಯವರ ಆಚಾರಗಳನ್ನು ಅನುಸರಿಸುವುದರಿಂದ, ಒಂದು ಜಾತಿಯ ಸ್ಥಾನ ಮೇಲೇರಬಹುದು, ಶ್ರೇಣಿವ್ಯವಸ್ಥೆ ಹಾಗೇ ಉಳಿಯುತ್ತದೆ. ಅದನ್ನು ‘ಜಾತಿ ನಿರ್ಮೂಲನೆಯ ಪ್ರಕ್ರಿಯೆ’ ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ.

ಅನ್ವಯದ ಪ್ರಶ್ನೆಗೆ ಬಾಗಲಕೋಟೆಗಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಊರಿನ ಭಾಗ ಮುಳುಗಡೆಯಾಗಿ, ಜನ ಸೆಕ್ಟರ್‌ಗಳಾಗಿ ವಿಂಗಡಿಸಿದ ನವನಗರಕ್ಕೆ ಹೋದರು. ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಅದನ್ನು 524.256 ಮೀಟರ್‌ಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಅವಕಾಶ ಕೊಟ್ಟಿರುವುದರಿಂದ ಮುಳುಗಡೆ, ಪುನರ್ವಸತಿಯ ಪ್ರಶ್ನೆ ಇನ್ನೂ ಜೀವಂತವಾಗಿದೆ. ‘ಸ್ಥಳಾಂತರವು ನೆರೆಹೊರೆಯ ಸಂಬಂಧಗಳ ಮೇಲೆ ಬೀರಿದ ಪ್ರಭಾವವನ್ನು ಚರ್ಚಿಸಿ’ ಎಂದು ಬಂದರೆ ಆರೇಳು ಜನರನ್ನು ಮಾತನಾಡಿಸಿ ಬರೆಯುವುದು ಒಂದು ವಾರದ ಕೆಲಸ. ಆದರೆ ಯಾರನ್ನು ಎಂಬುದು ಮುಖ್ಯ. ಮನೆ ಇದ್ದವರು ಮಾತ್ರ ಸಿಕ್ಕರೆ ಬಾಡಿಗೆಯಲ್ಲಿದ್ದವರ ಅನುಭವ ಕಾಣೆಯಾಗುತ್ತದೆ. ಕಟ್ಟೆಯ ಮೇಲೆ ಕೂತ ಹಿರಿಯರು ಮಾತ್ರ ಆದರೆ ಹೆಂಗಸರ ಮಾತು ಬರುವುದಿಲ್ಲ. ಇಬ್ಬರು ಹಿರಿಯರು, ಇಬ್ಬರು ಹೆಂಗಸರು, ಹಿಂದೆ ಬಾಡಿಗೆಗಿದ್ದ ಎರಡು ಕುಟುಂಬ, ಹಳೆ ಊರಿನಲ್ಲಿ ಅಂಗಡಿ ಇಟ್ಟಿದ್ದ ಒಬ್ಬರು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಪ್ರಶ್ನೆಯ ಮಾತು ಉತ್ತರ ಕೊಡುವವರ ಮಾತಾಗಿರಲಿ. ‘ನಿಮ್ಮ ಸಾಮಾಜಿಕ ಸಂಬಂಧಗಳು ದುರ್ಬಲವಾಗಿವೆಯೇ?’ ಎಂದರೆ ‘ಹೌದ್ರಿ’ ಎಂಬ ಉತ್ತರ ಬರುತ್ತದೆ, ಏನೂ ತಿಳಿಯುವುದಿಲ್ಲ. ‘ಆಗ ಕೈಗಡ ಬೇಕಾದ್ರ ಯಾರ ಮನಿಗೆ ಹೋಗ್ತಿದ್ರಿ, ಈಗ ಯಾರ ಮನಿಗೆ ಹೋಗ್ತೀರಿ?’, ‘ಮದುವಿ ಕೆಲಸಕ್ಕ ಕರೀದನ ಬರೋರು ಯಾರು?’ ಎಂದು ಕೇಳಿದರೆ ಹೆಸರು, ದೂರ, ನೆಂಟಸ್ತಿಕೆ ಎಲ್ಲ ಹೊರಬರುತ್ತವೆ. ಅವನ್ನು ಆಮೇಲೆ ನೀವು ‘ಸಾಮಾಜಿಕ ಬಂಡವಾಳ’ (ಕಷ್ಟಕ್ಕೆ ಒದಗುವ ಪರಿಚಯ, ನಂಬಿಕೆಗಳ ಬಲ) ಎಂಬ ಪರಿಕಲ್ಪನೆಯ ಕೆಳಗೆ ಜೋಡಿಸಬಹುದು. ಅನುಮತಿ ಕೇಳಿಯೇ ಬರೆದುಕೊಳ್ಳಿ, ವರದಿಯಲ್ಲಿ ಹೆಸರು ಹಾಕಬೇಡಿ. ‘ಬಾಗಲಕೋಟೆಯ ಜನ ದುಃಖದಲ್ಲಿದ್ದಾರೆ’ ಎಂದು ಬರೆಯುವ ಅಧಿಕಾರ ಏಳು ಜನರ ಮಾತಿನಿಂದ ಬರುವುದಿಲ್ಲ. ‘ಮಾತನಾಡಿಸಿದ ಏಳು ಜನರಲ್ಲಿ ಐವರು’ ಎಂದಷ್ಟೇ ಬರೆಯಿರಿ. ಹಳೆ ಊರನ್ನು ನೆನೆಯುವಾಗ ಅಲ್ಲಿನ ಓಣಿಗಳ ಜಾತಿವಿಂಗಡಣೆಯನ್ನು ಜನ ತಾವಾಗಿ ಹೇಳುವುದು ಅಪರೂಪ. ಅದನ್ನು ಬೇರೆಯಾಗಿಯೇ ಕೇಳಬೇಕು. ಕಳೆದುಕೊಂಡದ್ದರ ಜೊತೆಗೆ ಕೆಲವರಿಗೆ ಬಿಡುಗಡೆಯೂ ಸಿಕ್ಕಿರಬಹುದಲ್ಲವೇ? ‘ಚರ್ಚಿಸಿ’ ಎಂಬುದಕ್ಕೆ ನಿಜವಾದ ಉತ್ತರ ಹುಟ್ಟುವುದು ಅಲ್ಲಿ.

ಲೆಕ್ಕ ಬಂದಾಗ

ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ಸರಕಾರ ನಿಗದಿ ಮಾಡುವ ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ಬಗ್ಗೆ ಕಬ್ಬು ಬೆಳೆಯುವ ಮನೆಯ ಮಕ್ಕಳೂ ಅರ್ಥಶಾಸ್ತ್ರದ ಉತ್ತರದಲ್ಲಿ ತಪ್ಪು ಬರೆಯುತ್ತಾರೆ. ಅದು ಜೋಳ, ತೊಗರಿಗೆ ಘೋಷಿಸುವ ಕನಿಷ್ಠ ಬೆಂಬಲ ಬೆಲೆಯಂಥದ್ದಲ್ಲ. ಬೆಂಬಲ ಬೆಲೆಗೆ ಸರಕಾರ ಖರೀದಿ ಕೇಂದ್ರ ತೆರೆದರೆ ಉಂಟು, ಖಾಸಗಿ ವ್ಯಾಪಾರಿಗೆ ಅದರ ಕಟ್ಟು ಇಲ್ಲ. ಎಫ್‌ಆರ್‌ಪಿ ಮಾತ್ರ ಕಾರ್ಖಾನೆಯ ಮೇಲಿನ ಕಾನೂನುಬದ್ಧ ಹೊಣೆ. 1966ರ ಕಬ್ಬು ನಿಯಂತ್ರಣ ಆದೇಶಕ್ಕೆ 2009ರಲ್ಲಿ ತಿದ್ದುಪಡಿ ಮಾಡಿ ಇದನ್ನು ತಂದರು. ಕಬ್ಬು ಪೂರೈಸಿದ 14 ದಿನದೊಳಗೆ ಬಿಲ್ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ.

2024-25ರ ಹಂಗಾಮಿಗೆ ಶೇ. 10.25 ರಿಕವರಿಗೆ (ಅರೆದ ಕಬ್ಬಿನ ತೂಕದಲ್ಲಿ ಸಕ್ಕರೆಯಾಗಿ ಸಿಗುವ ಪಾಲು) ಕ್ವಿಂಟಲ್‌ಗೆ 340 ರೂಪಾಯಿ, ಅದರ ಮೇಲೆ ಪ್ರತಿ 0.1 ಅಂಶಕ್ಕೆ 3.32 ರೂಪಾಯಿ ಹೆಚ್ಚು ಎಂದು ನಿಗದಿಯಾಗಿತ್ತು. ಒಂದು ಕಾರ್ಖಾನೆಯ ರಿಕವರಿ ಶೇ. 11.25 ಎಂದುಕೊಳ್ಳಿ. ವ್ಯತ್ಯಾಸ 1.00, ಅಂದರೆ 0.1ರ ಹತ್ತು ಪಟ್ಟು. 10 × 3.32 = 33.20. ಕ್ವಿಂಟಲ್‌ಗೆ 373.20, ಟನ್ನಿಗೆ 3,732 ರೂಪಾಯಿ. ಇದು ಕಾರ್ಖಾನೆಯ ಬಾಗಿಲಲ್ಲಿನ ಬೆಲೆ. ಕಟಾವು ಮತ್ತು ಸಾಗಾಣಿಕೆ ಖರ್ಚು ಟನ್ನಿಗೆ 800 ಎಂದು ಹಿಡಿದರೆ ರೈತರ ಕೈಗೆ 2,932. ಎರಡು ಲಕ್ಷದ ಬಿಲ್ ಗಡುವು ದಾಟಿ 30 ದಿನ ತಡವಾದರೆ ಬಡ್ಡಿ 2,00,000 × 0.15 × 30 ÷ 365, ಸುಮಾರು 2,466 ರೂಪಾಯಿ. ‘ಎಫ್‌ಆರ್‌ಪಿ ರೈತರಿಗೆ ಭದ್ರತೆ ನೀಡಿದೆಯೇ, ವಿಮರ್ಶಿಸಿ’ ಎಂಬ ಪ್ರಶ್ನೆಗೆ ಈ ಲೆಕ್ಕವನ್ನು ಬರೆದು ತೋರಿಸಿ. ಘೋಷಿತ ಬೆಲೆಗೂ ಕೈಗೆ ಬರುವ ಹಣಕ್ಕೂ ಇರುವ ಅಂತರ, ರಿಕವರಿಯನ್ನು ಅಳೆಯುವುದು ಯಾರು ಎಂಬ ವಿಶ್ವಾಸದ ಪ್ರಶ್ನೆ ಎರಡೂ ಅದರಿಂದಲೇ ಏಳುತ್ತವೆ.

ಜನಗಣತಿ ಅಂಕಿಗಳಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಸಾಕ್ಷರತೆಯ ಪ್ರಮಾಣ ಲೆಕ್ಕ ಹಾಕುವುದು ಏಳು ವರ್ಷ ಮೇಲ್ಪಟ್ಟವರ ಮೇಲೆ. ಒಂದು ಊರಿನ ಜನಸಂಖ್ಯೆ 5,000, ಅದರಲ್ಲಿ ಆರು ವರ್ಷದವರೆಗಿನ ಮಕ್ಕಳು 700, ಸಾಕ್ಷರರು 2,900 ಎಂದಾದರೆ ಭಾಗಿಸಬೇಕಾದದ್ದು 4,300ರಿಂದ, ಉತ್ತರ ಶೇ. 67.4. ಮಕ್ಕಳನ್ನೂ ಸೇರಿಸಿದರೆ ಶೇ. 58 ಎಂಬ ತಪ್ಪು ಸಂಖ್ಯೆ ಬರುತ್ತದೆ. ಎರಡನೆಯದು, ಸಾಕ್ಷರತೆ ಶೇ. 57ರಿಂದ 67ಕ್ಕೆ ಏರಿದರೆ ಅದು ಹತ್ತು ಶೇಕಡಾ ಅಂಶಗಳ ಏರಿಕೆ. ಮೊದಲಿದ್ದ ಪ್ರಮಾಣಕ್ಕೆ ಹೋಲಿಸಿದರೆ ಏರಿಕೆ ಸುಮಾರು ಶೇ. 17.5. ಯಾವುದನ್ನು ಹೇಳುತ್ತಿದ್ದೀರಿ ಎಂಬುದು ಸ್ಪಷ್ಟವಾಗಿರಲಿ. ಮೂರನೆಯದು ನಮ್ಮ ಭಾಗಕ್ಕೇ ವಿಶೇಷ. 1991ರಲ್ಲಿ ಬಿಜಾಪುರ ಜಿಲ್ಲೆಯ ಜನಸಂಖ್ಯೆ ಸುಮಾರು 29 ಲಕ್ಷ, 2001ರಲ್ಲಿ ಸುಮಾರು 18 ಲಕ್ಷ. ಇದನ್ನು ನೋಡಿ ‘ಬರ ಮತ್ತು ಗುಳೆಯಿಂದ ಜನಸಂಖ್ಯೆ ಕುಸಿಯಿತು’ ಎಂದು ಬರೆದರೆ ಇಡೀ ಉತ್ತರ ಬಿದ್ದುಹೋಗುತ್ತದೆ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. 1884ರ ಮುಂಬಯಿ ಪ್ರಾಂತದ ಗ್ಯಾಝೆಟಿಯರ್‌ನಲ್ಲಿ ಬಾದಾಮಿ, ಐಹೊಳೆ ಹುಡುಕುವವರು ಬಿಜಾಪುರ ಸಂಪುಟವನ್ನೇ ತೆಗೆಯಬೇಕಾದದ್ದೂ ಇದೇ ಕಾರಣಕ್ಕೆ.

ಗಡಿಯ ಇನ್ನೊಂದು ಗೊಂದಲ ರಾಜ್ಯಶಾಸ್ತ್ರದಲ್ಲಿ. ಸಂವಿಧಾನದ 371-ಜೆ ವಿಧಿಯ (ಪ್ರದೇಶದ ಜನರಿಗೆ ಶಿಕ್ಷಣ, ಉದ್ಯೋಗದಲ್ಲಿ ವಿಶೇಷ ಮೀಸಲಾತಿ) ಪ್ರಯೋಜನ ವಿಜಯಪುರಕ್ಕೂ ಇದೆ ಎಂದು ಬರೆಯುತ್ತಾರೆ, ಕಲಬುರಗಿ ಪಕ್ಕದಲ್ಲೇ ಇರುವುದರಿಂದ. 2012ರ 98ನೇ ತಿದ್ದುಪಡಿ ಅನ್ವಯಿಸುವುದು ಹಿಂದಿನ ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ, ಬಳ್ಳಾರಿಯನ್ನೂ ಸೇರಿಸಿ. ನಮ್ಮ ಮೂರೂ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು, ಆ ಪಟ್ಟಿಯಲ್ಲಿಲ್ಲ.

ಕವಿತೆಯ ಮುಂದೆ

ಕನ್ನಡ ಸಾಹಿತ್ಯದ ಪ್ರಶ್ನೆಗೆ ‘ಭಾಷೆ ಸರಳ, ಸುಂದರ, ಮನೋಜ್ಞವಾಗಿದೆ’ ಎಂಬ ಸಾಲು ಯಾವ ಕವಿತೆಗೂ ಹೊಂದುತ್ತದೆ, ಅದಕ್ಕೇ ಅದು ಯಾವುದಕ್ಕೂ ಉತ್ತರವಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಯನ್ನೇ ತೆಗೆದುಕೊಳ್ಳಿ: ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ / ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್ / ಮಾಧವನೀತನ್ ಪೆರನಲ್ಲ.’ ಮೂರೂ ಸಾಲಿನ ಎರಡನೇ ಅಕ್ಷರದಲ್ಲಿ ‘ಧ’ಕಾರವಿದೆ: ಸಾಧು, ಬಾಧಿ, ಮಾಧ. ಇದು ದ್ವಿತೀಯಾಕ್ಷರ ಪ್ರಾಸ. ಮೊದಲ ಸಾಲಿನಲ್ಲಿ ಅದೇ ಪದ ಮರುಕಳಿಸಿ, ಒಳ್ಳೆಯದಕ್ಕೆ ಅಷ್ಟೇ ಒಳ್ಳೆಯದನ್ನು ಹಿಂತಿರುಗಿಸುವವನ ಸ್ವಭಾವ ಕಿವಿಗೇ ಕೇಳುತ್ತದೆ. ಎರಡನೇ ಸಾಲಿನಲ್ಲಿ ‘ಕಲಿ’ ಎಂಬುದು ‘ಕಲಿಯುಗ’ವಾಗಿ ಹಿಗ್ಗುತ್ತದೆ. ಮೂರನೆಯದರಲ್ಲಿ ತೀರ್ಪು: ಇವನು ಮಾಧವನೇ, ಬೇರೆಯವನಲ್ಲ. ಪದ ತೋರಿಸಿ, ಅದು ಮಾಡುವ ಕೆಲಸ ಹೇಳಿ, ಆಮೇಲೆ ಬೇಕಾದರೆ ‘ಸುಂದರ’ ಎನ್ನಿ.

ಬರೆಯುವ ಅಳತೆ

1,200 ಪದದ ಅಸೈನ್‌ಮೆಂಟ್‌ಗೆ ಪೀಠಿಕೆ 100 ಪದ ದಾಟಬೇಕಿಲ್ಲ. ಅದರಲ್ಲಿ ನಿಮ್ಮ ಉತ್ತರವೇನು ಎಂಬುದು ಒಂದು ವಾಕ್ಯದಲ್ಲಿ ಬಂದಿರಲಿ. ನಡುವಿನ ನಾಲ್ಕೈದು ಪ್ಯಾರಾಗಳು ತಲಾ 200 ಪದದ ಆಸುಪಾಸು. ಪುಸ್ತಕದಿಂದ ತೆಗೆದ ಮಾತಿಗೆ ಲೇಖಕರ ಹೆಸರು, ಪುಸ್ತಕ, ಪ್ರಕಾಶಕರು, ವರ್ಷ, ಪುಟ ಇಷ್ಟನ್ನೂ ಓದುವಾಗಲೇ ಬರೆದಿಟ್ಟುಕೊಳ್ಳಿ. ಕೊನೆಯ ರಾತ್ರಿ ಪುಟ ಸಂಖ್ಯೆ ಸಿಗುವುದಿಲ್ಲ. ಮೊಬೈಲ್‌ನಲ್ಲಿ ಉತ್ತರ ಬರೆದುಕೊಡುವ ಆ್ಯಪ್‌ಗಳು ಇಲ್ಲದ ಪುಸ್ತಕಗಳ ಹೆಸರನ್ನೂ ನಿಜವೆಂಬಂತೆ ಕೊಡುತ್ತವೆ. ಅಲ್ಲಿ ಬಂದ ಪ್ರತಿ ಪುಸ್ತಕವನ್ನು ಗ್ರಂಥಾಲಯದ ಕಪಾಟಿನಲ್ಲೋ ಕ್ಯಾಟಲಾಗ್‌ನಲ್ಲೋ ಕಣ್ಣಾರೆ ನೋಡಿದ ಮೇಲೆಯೇ ಬಳಸಿ.

ಬರೆದು ಮುಗಿಸಿದ ಮೇಲೆ ಒಂದು ರಾತ್ರಿ ಬಿಟ್ಟು, ಮರುದಿನ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಸಾಲಾಗಿ ಓದಿ. ಆ ಐದಾರು ವಾಕ್ಯಗಳೇ ಪ್ರಶ್ನೆಗೆ ಚಿಕ್ಕ ಉತ್ತರದಂತೆ ಕೇಳಿಸಿದರೆ ಪ್ರತಿ ಕೊಡಬಹುದು. ಯಾವುದೋ ಒಂದು ವಾಕ್ಯ ಪ್ರಶ್ನೆಗೆ ಸಂಬಂಧವಿಲ್ಲದಂತೆ ನಿಂತರೆ, ತಿದ್ದಬೇಕಾದ ಪ್ಯಾರಾ ಅದೇ.